ಪ್ರೋಟೀನಿನ ಲೆಕ್ಕ ಹಾಕುವವರ ತಿಂಗಳ ಲೆಕ್ಕ ಕೇಳುವವರು ಯಾರು?

ಸೂಪರ್ ಕಂಪ್ಯೂಟರ್‌ಗೆ ದುಡ್ಡಿದೆ. ಅದರ ಮುಂದೆ ಕೂರುವ ಸಂಶೋಧಕರಿಗೆ ಭದ್ರತೆ ಇಲ್ಲ.

2024ರ ರಸಾಯನ ವಿಜ್ಞಾನ ನೊಬೆಲ್ ಘೋಷಣೆಯಾದಾಗ ಚರ್ಚೆಯ ಬಹುಪಾಲು ಗೂಗಲ್ ಡೀಪ್‌ಮೈಂಡ್‌ನ ಆಲ್ಫಾಫೋಲ್ಡ್ ಸುತ್ತಲೇ ನಡೆಯಿತು. ಪ್ರೋಟೀನಿನ ಆಕಾರವನ್ನು ಎಐ ಹೇಳುತ್ತೆ ಅಂದಮೇಲೆ ವಿಶ್ವವಿದ್ಯಾಲಯಗಳಿಗೇನು ಕೆಲಸ ಅಂತ ನನ್ನನ್ನೇ ಕೇಳಿದವರಿದ್ದಾರೆ. ಆದರೆ ಆಲ್ಫಾಫೋಲ್ಡ್ ಪಾಠ ಕಲಿತದ್ದು ಎಲ್ಲಿಂದ? 1971ರಲ್ಲಿ ಬರೀ 7 ರಚನೆಗಳಿಂದ ಶುರುವಾದ ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಸಾರ್ವಜನಿಕ ಭಂಡಾರದಿಂದ. ಅಲ್ಲೀಗ 2 ಲಕ್ಷಕ್ಕೂ ಹೆಚ್ಚು ರಚನೆಗಳಿವೆ. ಅವುಗಳಲ್ಲಿ ಹೆಚ್ಚಿನವು ಜನರ ತೆರಿಗೆ ಹಣದಲ್ಲಿ, ಹಲವು ದೇಶಗಳ ಸಂಶೋಧಕರು ವರ್ಷಗಟ್ಟಲೆ ದುಡಿದು ಕಂಡುಕೊಂಡವು.

ಈ ಪರಂಪರೆಯಲ್ಲಿ ನಮ್ಮ ಪಾಲೂ ಇದೆ. ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲದು ಎಂದು ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಲೆಕ್ಕ ಹಾಕಿ ನಕ್ಷೆ ಬಿಡಿಸಿದರು. ಹೊಸ ರಚನೆ ಸರಿಯಿದೆಯಾ ಅಂತ ಇವತ್ತಿಗೂ ಜಗತ್ತು ಆ ನಕ್ಷೆಯಿಟ್ಟು ನೋಡುತ್ತದೆ. ಅವರೇ ಮುಂದೆ ಬೆಂಗಳೂರಿನ ಐಐಎಸ್‌ಸಿಯಲ್ಲಿ ಅಣುಜೈವಿಕ ಭೌತವಿಜ್ಞಾನ ವಿಭಾಗ ಕಟ್ಟಿದರು.

ಎರಡು ಬಾಗಿಲು

ಇಂದು ಈ ಕ್ಷೇತ್ರಕ್ಕೆ ಬರಲು ಮುಖ್ಯವಾಗಿ ಎರಡು ದಾರಿ. ಒಂದು, ಸಿಎಸ್‌ಐಆರ್-ನೆಟ್ ಥರದ ಪರೀಕ್ಷೆ ಪಾಸಾಗಿ ಪಡೆಯುವ ಫೆಲೋಶಿಪ್. ಅದು ನಿಮ್ಮ ಹೆಸರಿಗೆ ಬರುತ್ತದೆ, ಗರಿಷ್ಠ 5 ವರ್ಷ ಇರುತ್ತದೆ. ಇನ್ನೊಂದು, ಪ್ರಾಜೆಕ್ಟ್ ಹುದ್ದೆ. ಪ್ರಾಧ್ಯಾಪಕರಿಗೆ ಸರ್ಕಾರದ ಅನುದಾನ ಸಿಕ್ಕರೆ ಅದರಲ್ಲಿ ಒಂದೋ ಎರಡೋ ಹುದ್ದೆ ಇರುತ್ತವೆ. ಇದು ಅನುದಾನಕ್ಕೆ ಕಟ್ಟಿದ ಹುದ್ದೆ. ಪ್ರಾಜೆಕ್ಟ್ ಮುಗಿದರೆ ಹುದ್ದೆ ಮುಗಿಯಿತು. ಕಂತು ತಡವಾದರೆ ಸಂಬಳವೂ ತಡ. ನಾನು ಇಂಥದ್ದೊಂದು ಹುದ್ದೆಯಲ್ಲಿದ್ದಾಗ ಮೂರು ತಿಂಗಳು ಹಣ ಬರಲಿಲ್ಲ. ಕೇಳಿದ್ದಕ್ಕೆಲ್ಲ ‘ಫೈಲ್ ಮೇಲಿದೆ’ ಅನ್ನೋ ಒಂದೇ ಉತ್ತರ.

ಮೊತ್ತ ಎಷ್ಟು ಅಂತೀರಾ? ಜೆಆರ್‌ಎಫ್‌ಗೆ 2019ರಲ್ಲಿ ತಿಂಗಳಿಗೆ 31,000 ರೂಪಾಯಿ ಇತ್ತು. ದೇಶದಾದ್ಯಂತ ಸಂಶೋಧಕರು ಬೀದಿಗಿಳಿದ ಮೇಲೆ 2023ರ ಜನವರಿಯಿಂದ ಅನ್ವಯವಾಗುವಂತೆ 37,000 ಆಯಿತು. ನಾಲ್ಕು ವರ್ಷಕ್ಕೆ ಸುಮಾರು 19% ಏರಿಕೆ. ಸರ್ಕಾರಿ ನೌಕರರಿಗೆ ಸಿಗುವ ತುಟ್ಟಿಭತ್ಯೆ ಇವರಿಗಿಲ್ಲ. ಬೆಲೆ ತಾನಾಗಿಯೇ ಏರುತ್ತದೆ, ಫೆಲೋಶಿಪ್ ಏರಬೇಕಾದರೆ ಧರಣಿ ಕೂರಬೇಕು.

ಇಲ್ಲಿ ಉಪಕರಣ ಅಂದ್ರೆ ಮನುಷ್ಯರೇ

ಗಣಕ ಜೀವರಸಾಯನದಲ್ಲಿ ಪ್ರಯೋಗ ನಡೆಯುವುದು ಕಂಪ್ಯೂಟರಿನೊಳಗೆ. ಔಷಧದ ಅಣು ಪ್ರೋಟೀನಿನ ಯಾವ ಸಂದಿಗೆ ಕೂರುತ್ತದೆ, ಕೂತ ಮೇಲೆ ಪರಮಾಣುಗಳು ಹೇಗೆ ಅಲುಗುತ್ತವೆ ಎಂದು ಲೆಕ್ಕ ಹಾಕುತ್ತೇವೆ. ಯಂತ್ರಕ್ಕೆ ಕೊರತೆಯಿಲ್ಲ ಅಂತಲೇ ಇಟ್ಟುಕೊಳ್ಳೋಣ. 2015ರ ರಾಷ್ಟ್ರೀಯ ಸೂಪರ್ ಕಂಪ್ಯೂಟಿಂಗ್ ಮಿಷನ್‌ಗೆ 4,500 ಕೋಟಿ ರೂಪಾಯಿ ಇಟ್ಟರು, ಐಐಎಸ್‌ಸಿಗೆ 3.3 ಪೆಟಾಫ್ಲಾಪ್‌ನ ಪರಮ್ ಪ್ರವೇಗ ಬಂತು. ಆದರೆ ಯಾವ ಲೆಕ್ಕ ನಂಬಬಹುದು, ಯಾವುದು ಬರೀ ಚಂದದ ಚಿತ್ರ ಎಂಬ ತಿಳಿವಳಿಕೆ ಇರುವುದು ಜನರ ತಲೆಯಲ್ಲಿ. ಆ ಹುಡುಗಿ ಬಾಡಿಗೆ ಕಟ್ಟಲಾಗದೆ ಐಟಿ ಕಂಪನಿಗೆ ಹೋದರೆ ಅವಳ ಜೊತೆ ಮೂರು ವರ್ಷದ ಅನುಭವವೂ ಹೋಗುತ್ತದೆ. ಹಣವಿಲ್ಲದೆ ಮೂರು ತಿಂಗಳು ತಳ್ಳಬಲ್ಲವರು ಯಾರು? ಮನೆಯಲ್ಲಿ ಆಸ್ತಿ ಇರುವವರು. ಮೊದಲ ತಲೆಮಾರಿನ ಪದವೀಧರರು ಉದುರಿಹೋಗುವುದು ಇಲ್ಲೇ.

2023ರಲ್ಲಿ ಕಾಯ್ದೆಯ ಮೂಲಕ ಬಂದ ಅನುಸಂಧಾನ ಪ್ರತಿಷ್ಠಾನಕ್ಕೆ 5 ವರ್ಷಕ್ಕೆ 50,000 ಕೋಟಿ ಎಂದರು. ಅದರಲ್ಲಿ ಸರ್ಕಾರದ ಪಾಲು 14,000 ಕೋಟಿ; ಉಳಿದದ್ದು ಖಾಸಗಿ ವಲಯ, ದೇಣಿಗೆ ಮುಂತಾದ ಕಡೆಯಿಂದ ಬರಬೇಕು. ಖಾಸಗಿ ಹಣ ಲಾಭ ನೋಡಿಯೇ ಹರಿಯುತ್ತದೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಮಲೆನಾಡಿನ ಕೂಲಿ ಕಾರ್ಮಿಕರ, ರೈತರ ಜೀವ ತೆಗೆಯುತ್ತಿದೆ. ಅದರ ವೈರಸ್‌ನ ಪ್ರೋಟೀನುಗಳ ಮೇಲೆ ಯಾವ ಕಂಪನಿ ದುಡ್ಡು ಸುರಿಯುತ್ತದೆ? ಅದಕ್ಕೆ ಸಾರ್ವಜನಿಕ ಹುದ್ದೆಗಳೇ ಬೇಕು.

ಹಾಗಾಗಿ ಕೇಳಬೇಕಾದದ್ದು ಮೂರು. ಕಂತು ತಡವಾದರೂ ತಿಂಗಳ ಹಣ ನಿಲ್ಲದಂತೆ ವಿಶ್ವವಿದ್ಯಾಲಯಗಳಲ್ಲಿ ಮೀಸಲು ನಿಧಿ. ಬೆಲೆಯೇರಿಕೆಗೆ ತಕ್ಕಂತೆ ತಾನಾಗಿ ಏರುವ ಫೆಲೋಶಿಪ್. ಪ್ರಾಜೆಕ್ಟ್ ಮುಗಿದ ಮೇಲೂ ಉಳಿಯುವ ಕಾಯಂ ಗಣಕ-ವಿಜ್ಞಾನಿ ಹುದ್ದೆಗಳು.

ಅಲ್ಲಿಯವರೆಗೆ, ಪ್ರಾಜೆಕ್ಟ್ ಹುದ್ದೆಯ ಸಂದರ್ಶನಕ್ಕೆ ಹೋದಾಗ ನೀವೂ ಪ್ರಶ್ನೆ ಕೇಳಿ: ಪ್ರಾಜೆಕ್ಟ್‌ಗೆ ಇನ್ನೆಷ್ಟು ತಿಂಗಳಿದೆ? ಈ ವರ್ಷದ ಕಂತು ಬಂದಿದೆಯಾ? ಮನೆ ಬಾಡಿಗೆ ಭತ್ಯೆ ಸೇರಿದೆಯಾ? ಸಂಕೋಚ ಬೇಡ, ಅದು ನಮ್ಮದೇ ತೆರಿಗೆ ಹಣ.