ನಿಮಗಿದು ಗೊತ್ತೆ? ಮಾದರಿ ರೈಲಿನ ಬಂಡಿಗೂ ನಿಜವಾದ ಕಲ್ಲಿದ್ದಲು
ಇಂಗ್ಲೆಂಡಿನ ಆಕ್ಸ್‌ಫರ್ಡ್‌ಷೈರಿನ ಪೆಂಡನ್ ವಸ್ತುಸಂಗ್ರಹಾಲಯವು 1920–30ರ ದಶಕಗಳ ಗ್ರಾಮಜೀವನವನ್ನೂ ರೈಲುಮಾರ್ಗವನ್ನೂ ನಿರ್ಮಿಸಿ ತೋರಿಸಿರುವ 1:76ರ ಪ್ರಮಾಣದಲ್ಲಿ, ಅಂಗೈಯಗಲದ ಕಲ್ಲಿದ್ದಲ ಹೆಂಟೆಯು ಸುಮಾರು ಒಂದು ಮಿಲಿಮೀಟರಿನ ಕಣವಾಗತಕ್ಕದ್ದು. ಇಂಥ ಬಂಡಿಗಳ ಹೇರಿಗೆ ಬಣ್ಣ ಬಳಿದ ಪ್ಲಾಸ್ಟಿಕ್ಕಿಗಿಂತ ನಿಜವಾದ ಕಲ್ಲಿದ್ದಲೇ ಮೇಲು. ಏಕೆಂದರೆ ಎಷ್ಟು ಚೂರಾದರೂ ಅದು ತನ್ನ ಕೋನಗಳನ್ನೂ ಹೊಳಪನ್ನೂ ಬಿಡದು. ಅದನ್ನು ಬಟ್ಟೆಯಲ್ಲಿ ಕಟ್ಟಿ ಸುತ್ತಿಗೆಯಿಂದ ಕುಟ್ಟಿ, ಜರಡಿ ಹಿಡಿದು, ಬಂಡಿಯೊಳಗಿರಿಸಿದ ಹಗುರವಾದ ತುಂಡಿನ ಮೇಲೆ ಹರಡಿ, ನೀರು ಬೆರೆಸಿದ ಅಂಟನ್ನು (ತೊಟ್ಟು ಸಾಬೂನಿನ ದ್ರವ ಸೇರಿಸದಿದ್ದರೆ ಅದು ಒಳಗಿಳಿಯದೆ ಕಣಗಳ ಮೇಲೆಯೇ ಗುಂಡಗೆ ನಿಲ್ಲುವುದು) ಹನಿಹನಿಯಾಗಿ ಬಿಡಬೇಕು. ಹಳಿಯಡಿಯ ಜಲ್ಲಿಗೆ ಮಾತ್ರ ಕಡಲತೀರದ ಮರಳು ಸಲ್ಲದು: ಅಲೆಗಳ ಘರ್ಷಣೆಯಿಂದ ಅದರ ಕಣಗಳು ದುಂಡಗಾಗಿರುವುವು, ಜಲ್ಲಿಯಾದರೋ ಒಡೆದ ಕಲ್ಲು.