ಬೈಕಿನ ಟ್ಯಾಂಕು: ಹೊಳಪಿಗಿಂತ ಒಳಗುಣ ಮುಖ್ಯ

ಹಳೆಯ ಬೈಕೊಂದನ್ನು ಕೊಂಡು ತಮಗೊಪ್ಪುವ ರೂಪಕ್ಕೆ ತಿದ್ದಿಸಿಕೊಳ್ಳುವ ಹವ್ಯಾಸ ಮಹಾನಗರಗಳಿಗಷ್ಟೇ ಸೀಮಿತವಲ್ಲ. ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿಯಂಥ ಊರುಗಳ ಕಾಲೇಜು ಹುಡುಗರನ್ನೂ ಅದು ಸೆಳೆಯುತ್ತದೆ. ಮೊದಲು ಹ್ಯಾಂಡಲ್ ಬದಲಾಗುತ್ತದೆ, ಆಮೇಲೆ ಸೀಟು. ಕೊನೆಗೆ ಕಣ್ಣು ಬೀಳುವುದು ಪೆಟ್ರೋಲ್ ಟ್ಯಾಂಕಿನ ಮೇಲೆ. ಉಕ್ಕು, ಅಲ್ಯೂಮಿನಿಯಂ, ಫೈಬರ್‌ಗ್ಲಾಸ್, ಪ್ಲಾಸ್ಟಿಕ್ – ಈ ನಾಲ್ಕರಲ್ಲಿ ಯಾವುದನ್ನು ಆರಿಸಬೇಕು?

ಇದು ಬರೀ ಅಂದದ ಪ್ರಶ್ನೆಯಲ್ಲ. ಕಾದ ಎಂಜಿನ್ನಿನ ಮೇಲೆ, ಸವಾರನ ಮೊಣಕಾಲುಗಳ ನಡುವೆ ಹದಿಮೂರು ಲೀಟರ್ ಪೆಟ್ರೋಲನ್ನು ಹೊತ್ತು ಕೂರುವ ಪಾತ್ರೆ ಇದು. ಉತ್ತರ ಹುಡುಕಲು ದೊಡ್ಡ ಎಂಜಿನಿಯರಿಂಗ್ ಪದವಿಯೇನೂ ಬೇಡ. ಪಿಯುಸಿಯ ಭೌತ, ರಸಾಯನ ಪಾಠಗಳನ್ನು ಮನಸ್ಸಿಟ್ಟು ಓದಿದ್ದರೆ ಸಾಕು.

ಮೈಸೂರಿನ ಉಕ್ಕಿನ ಟ್ಯಾಂಕು

ಕರ್ನಾಟಕದಲ್ಲಿ ಬೈಕಿನ ಮಾತು ಬಂದರೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ನೆನಪಾಗದಿರದು. 1961ರಿಂದ 1996ರವರೆಗೆ ಯಾದವಗಿರಿಯ ಈ ಕಾರ್ಖಾನೆಯಿಂದ ಜಾವಾ, ಯೆಜ್ಡಿ ಬೈಕುಗಳು ಹೊರಬಂದವು. ಹಳೆಯ ಜಾವಾದ ಟ್ಯಾಂಕಿನ ಇಕ್ಕೆಲಗಳಲ್ಲಿ ಕನ್ನಡಿಯಂತೆ ಹೊಳೆಯುತ್ತಿದ್ದುದು ಕ್ರೋಮಿಯಂ ಲೇಪ. ಅದರಡಿ ಇದ್ದುದು ಮಾತ್ರ ಉಕ್ಕಿನ ತಗಡು.

ಆ ಬೈಕುಗಳದು ಎರಡು ಹೊಡೆತದ ಎಂಜಿನ್. ಪೆಟ್ರೋಲಿನ ಜೊತೆಗೇ ಎಣ್ಣೆಯನ್ನೂ ಟ್ಯಾಂಕಿಗೆ ಸುರಿಯಬೇಕಿತ್ತು. ಆ ಎಣ್ಣೆ ಒಳಗೋಡೆಗೆ ತೆಳ್ಳಗೆ ಅಂಟಿಕೊಂಡು, ತುಕ್ಕಿನಿಂದ ಕೊಂಚ ರಕ್ಷಣೆಯನ್ನೂ ಕೊಡುತ್ತಿತ್ತು. ಇಂದಿನ ನಾಲ್ಕು ಹೊಡೆತದ ಎಂಜಿನ್ನಿನ ಟ್ಯಾಂಕಿಗೆ ಆ ಭಾಗ್ಯವಿಲ್ಲ.

ತೂಕದ ಲೆಕ್ಕ

'ಅಲ್ಯೂಮಿನಿಯಂ ಹಾಕಿಸಿದರೆ ಬೈಕು ಹಗುರವಾಗುತ್ತದೆ' ಎಂಬುದು ಸಾಮಾನ್ಯ ನಂಬಿಕೆ. ಸರಿಯೇ ನೋಡೋಣ. ಟ್ಯಾಂಕಿಗೆ ಅರ್ಧ ಚದರ ಮೀಟರ್ ತಗಡು ಬೇಕೆಂದಿಟ್ಟುಕೊಳ್ಳಿ. ಉಕ್ಕಾದರೆ ಒಂದು ಮಿಲಿಮೀಟರ್ ದಪ್ಪ ಸಾಕು. ಗಾತ್ರ 500 ಘನ ಸೆಂಟಿಮೀಟರ್. ಸಾಂದ್ರತೆ 7.85ರಿಂದ ಗುಣಿಸಿದರೆ ತೂಕ ಸುಮಾರು 3.9 ಕಿಲೋ. ಅಲ್ಯೂಮಿನಿಯಂ ಮೆತ್ತನೆಯ ಲೋಹ, ಎರಡು ಮಿಲಿಮೀಟರ್ ಬೇಕು. 1000 ಘನ ಸೆಂಟಿಮೀಟರನ್ನು 2.7ರಿಂದ ಗುಣಿಸಿದರೆ 2.7 ಕಿಲೋ.

ಉಳಿದದ್ದು 1.2 ಕಿಲೋ. ಒಂದು ಲೀಟರ್ ಪೆಟ್ರೋಲಿನ ತೂಕವೇ ಮುಕ್ಕಾಲು ಕಿಲೋದಷ್ಟು. ಅಂದರೆ ಒಂದೂವರೆ ಲೀಟರಿಗಿಂತ ತುಸು ಹೆಚ್ಚು ಪೆಟ್ರೋಲನ್ನು ಕಡಿಮೆ ತುಂಬಿಸಿದರೂ ಬೈಕು ಅಷ್ಟೇ ಹಗುರವಾಗುತ್ತದೆ! ಪಂದ್ಯದ ಬೈಕಿಗೆ ಈ ಉಳಿತಾಯ ದೊಡ್ಡದು. ಹರಪನಹಳ್ಳಿಯಿಂದ ಕೊಟ್ಟೂರಿಗೆ ಹೋಗಿಬರುವವರಿಗೆ ಅದು ಗೊತ್ತೇ ಆಗದು.

ಅಲ್ಯೂಮಿನಿಯಂಗೆ ಉಕ್ಕಿನಂತೆ ಕೆಂಪು ತುಕ್ಕು ಹಿಡಿಯುವುದಿಲ್ಲವೆಂಬುದು ನಿಜ. ಆದರೆ ಅದನ್ನು ಕಾಪಾಡುವ ಆಕ್ಸೈಡ್ ಪದರವೇ ಬೆಸುಗೆಗಾರನಿಗೆ ತಲೆನೋವು. ಲೋಹ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ, ಮೇಲಿನ ಪದರ ಕರಗಲು 2000 ಡಿಗ್ರಿಗೂ ಹೆಚ್ಚು ಶಾಖ ಬೇಕು. ಆರ್ಗಾನ್ ಅನಿಲದ ವಿಶೇಷ ಬೆಸುಗೆ ಯಂತ್ರ ಮತ್ತು ಪಳಗಿದ ಕೈ ಎರಡೂ ಇರಬೇಕು. ಇನ್ನೊಂದು ಸಂಗತಿ ಕಂಪನದ್ದು. ಒಂದು ಮಿತಿಯೊಳಗಿನ ಕಂಪನವನ್ನು ಉಕ್ಕು ಎಷ್ಟು ಕಾಲವಾದರೂ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿಯಿಲ್ಲ. ಒಂಟಿ ಸಿಲಿಂಡರಿನ ನಡುಕ, ರಸ್ತೆಯ ಕುಲುಕಾಟ ಸೇರಿ ಬೆಸುಗೆಯ ಅಂಚಿನಲ್ಲಿ ಕೂದಲೆಳೆಯ ಬಿರುಕು ಹುಟ್ಟಬಹುದು.

ಹೊಲದಿಂದ ಟ್ಯಾಂಕಿಗೆ

ಈಗ ಟ್ಯಾಂಕಿನೊಳಗೆ ಇಣುಕೋಣ. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. 2025ರ ಹೊತ್ತಿಗೆ ದೇಶದೆಲ್ಲೆಡೆ ಅದೇ ರೂಢಿಗೆ ಬಂತು. ಕಬ್ಬಿನಿಂದ ಮಾತ್ರವಲ್ಲ, ಹರಪನಹಳ್ಳಿ ಸೀಮೆಯ ರೈತರು ಬೆಳೆಯುವ ಮೆಕ್ಕೆಜೋಳದಿಂದಲೂ ಎಥನಾಲ್ ತಯಾರಾಗುತ್ತದೆ. ಹದಿಮೂರು ಲೀಟರಿನ ತುಂಬು ಟ್ಯಾಂಕಿನಲ್ಲಿ 2.6 ಲೀಟರ್ ಎಥನಾಲೇ ಇರುತ್ತದೆ.

ಪೆಟ್ರೋಲು ನೀರನ್ನು ದೂರವಿಡುತ್ತದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಬೈಕಿನಲ್ಲಿ ಈ ತೇವ ಮಿತಿ ಮೀರಿದರೆ ನೀರು ಮತ್ತು ಎಥನಾಲ್ ಜೊತೆಗೂಡಿ, ಬೇರ್ಪಟ್ಟು ತಳಕ್ಕಿಳಿಯುತ್ತವೆ. ಉಕ್ಕಿನ ಟ್ಯಾಂಕಿಗೆ ತಳದಿಂದಲೇ ತುಕ್ಕು ಹಿಡಿಯುವುದು ಈ ಕಾರಣಕ್ಕೆ. ಅಲ್ಯೂಮಿನಿಯಂ ಟ್ಯಾಂಕೂ ಪೂರ್ತಿ ಸುರಕ್ಷಿತವಲ್ಲ. ಹಿತ್ತಾಳೆಯ ನಲ್ಲಿ ಕೂರಿಸಿದ ಕಡೆ ಈ ತೇವವೇ ಎರಡು ಲೋಹಗಳ ನಡುವೆ ಪುಟ್ಟ ವಿದ್ಯುತ್ಕೋಶವನ್ನು ನಿರ್ಮಿಸಿ ಅಲ್ಯೂಮಿನಿಯಂ ಅನ್ನು ಸವೆಸುತ್ತದೆ.

ಎಥನಾಲ್‌ನಿಂದ ಹೆಚ್ಚು ಪೆಟ್ಟು ತಿನ್ನುವುದು ಫೈಬರ್‌ಗ್ಲಾಸ್. ಗಾಜಿನೆಳೆಗೆ ಏನೂ ಆಗದು. ಎಳೆಗಳನ್ನು ಹಿಡಿದಿಡುವ ಸಾಮಾನ್ಯ ಪಾಲಿಯೆಸ್ಟರ್ ರಾಳ ಎಥನಾಲ್‌ಗೆ ಮೆತ್ತಗಾಗುತ್ತದೆ. 2004ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಎಥನಾಲ್ ಬೆರೆತ ಪೆಟ್ರೋಲು ಬಂದ ಮೇಲೆ ಹಳೆಯ ಮೋಟಾರು ದೋಣಿಗಳ ಫೈಬರ್ ಟ್ಯಾಂಕುಗಳು ಹೀಗೇ ಕೆಟ್ಟವು. ಕರಗಿದ ರಾಳ ಎಂಜಿನ್ನಿನೊಳಗೆ ಅಂಟಾಗಿ ಕೂತು ಕವಾಟಗಳನ್ನೇ ಹಿಡಿದುಬಿಟ್ಟಿತು. ಅಪಘಾತದಲ್ಲಿಯೂ ಉಕ್ಕು ನೆಗ್ಗಿದರೆ, ಫೈಬರ್ ಸೀಳುತ್ತದೆ. ಬ್ರಿಟನ್ನಿನಲ್ಲಿ 1970ರ ದಶಕದಲ್ಲೇ ರಸ್ತೆ ಬೈಕುಗಳಿಗೆ ಅಂಥ ಟ್ಯಾಂಕು ಬೇಡವೆಂದು ನಿಯಮ ಮಾಡಿದ್ದರು.

ಪ್ಲಾಸ್ಟಿಕ್ಕು ಕೆಟ್ಟದ್ದೇ? ಖಂಡಿತ ಅಲ್ಲ. ಪಾಲಿಥೀನ್ ಜಾತಿಯ ಗಟ್ಟಿ ಪ್ಲಾಸ್ಟಿಕ್ಕಿನ ಟ್ಯಾಂಕುಗಳು ಕಾರುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ. ಆದರೆ ಅದಕ್ಕೆ ದುಬಾರಿ ಅಚ್ಚು ಬೇಕು. ಸಾವಿರಾರು ಟ್ಯಾಂಕು ಮಾಡುವ ಕಾರ್ಖಾನೆಗೆ ಅದು ಕಟ್ಟುತ್ತದೆ, ಒಂದೇ ಒಂದು ಟ್ಯಾಂಕು ಬೇಕೆನ್ನುವವರಿಗೆ ಕಟ್ಟುವುದಿಲ್ಲ.

ಖಾಲಿ ಟ್ಯಾಂಕಿನ ಅಪಾಯ

ಪಾಲಕರು ಗಮನಿಸಲೇಬೇಕಾದ ಮಾತು ಇಲ್ಲಿದೆ. ಹಳೆಯ ಟ್ಯಾಂಕನ್ನು ಕತ್ತರಿಸಿ, ಬೆಸೆದು ಹೊಸ ಆಕಾರ ಕೊಡಿಸುವವರು 'ಪೆಟ್ರೋಲ್ ಖಾಲಿ ಮಾಡಿದ್ದೇವೆ, ಭಯವಿಲ್ಲ' ಎನ್ನುತ್ತಾರೆ. ವಿಜ್ಞಾನ ಹೇಳುವುದು ಬೇರೆ. ಗಾಳಿಯಲ್ಲಿ ಪೆಟ್ರೋಲಿನ ಆವಿ ಶೇಕಡಾ 1.4ರಿಂದ 7.6ರಷ್ಟಿದ್ದರೆ ಕಿಡಿ ತಾಗಿದೊಡನೆ ಸ್ಫೋಟಿಸುತ್ತದೆ. ಹದಿಮೂರು ಲೀಟರಿನ ಖಾಲಿ ಟ್ಯಾಂಕು ಆ ಸ್ಥಿತಿಗೆ ಬರಲು ಸುಮಾರು ಒಂದು ಮಿಲಿಲೀಟರ್ ಪೆಟ್ರೋಲು ಸಾಕು. ಚಹಾ ಚಮಚದ ಐದನೆಯ ಒಂದು ಪಾಲು! ತಗಡಿನ ಮಡಿಕೆಯಲ್ಲೋ ತುಕ್ಕಿನ ಅಡಿಯಲ್ಲೋ ಅಷ್ಟು ಉಳಿದೇ ಇರುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ; ಮುಚ್ಚಳ ತೆಗೆದಿಟ್ಟ ಮಾತ್ರಕ್ಕೆ ಹೊರಹೋಗದು.

ಆದ್ದರಿಂದ ಬಳಸಿದ ಟ್ಯಾಂಕಿಗೆ ಬೆಸುಗೆ ಹಾಕುವ ಮುನ್ನ ಸೋಪಿನ ಬಿಸಿನೀರಿನಲ್ಲಿ ಮತ್ತೆ ಮತ್ತೆ ತೊಳೆಯಬೇಕು. ನಂತರ ಬೆಸುಗೆಯ ಜಾಗದ ಹತ್ತಿರದವರೆಗೂ ನೀರು ತುಂಬಿ ಆವಿಗೆ ಎಡೆಯಿಲ್ಲದಂತೆ ಮಾಡಬೇಕು. ಇದು ಅನುಭವಿಗಳ ಕೆಲಸವೇ ಹೊರತು ಹುಡುಗರು ಮನೆಯಂಗಳದಲ್ಲಿ ಮಾಡುವ ಪ್ರಯೋಗವಲ್ಲ.

ಹಾಗಾದರೆ ಯಾವುದು?

ಹರಪನಹಳ್ಳಿಯಂಥ ಊರಿನ ದಿನನಿತ್ಯದ ಬೈಕಿಗೆ ಉಕ್ಕೇ ತಕ್ಕುದು. ಅದು ಅತ್ಯಂತ ಹಗುರವೆಂದಲ್ಲ, ಅತ್ಯಂತ ಸುಂದರವೆಂದೂ ಅಲ್ಲ. ಬಿದ್ದರೆ ಒಡೆಯುವ ಮೊದಲು ನೆಗ್ಗುತ್ತದೆ, ಎಥನಾಲ್‌ಗೆ ಕರಗುವುದಿಲ್ಲ, ಕೆಟ್ಟರೆ ಸರಿಪಡಿಸುವವರು ಹತ್ತಿರದಲ್ಲೇ ಸಿಗುತ್ತಾರೆ. ಅದರ ಒಂದೇ ಶತ್ರು ತುಕ್ಕು. ಎಥನಾಲ್ ತಾಳಿಕೊಳ್ಳುವ ಲೇಪವನ್ನು ಒಳಗೆ ಕೊಡಿಸಿ, ಬೈಕನ್ನು ಬಹುದಿನ ನಿಲ್ಲಿಸಿಡದೆ ಓಡಿಸುತ್ತಿದ್ದರೆ ಅದನ್ನೂ ಹತೋಟಿಯಲ್ಲಿಡಬಹುದು.

ಹಳೆಯ ಉಕ್ಕಿನ ಟ್ಯಾಂಕು ಕೊಳ್ಳುವವರು ಜೇಬಿನಲ್ಲೊಂದು ಅಯಸ್ಕಾಂತ ಇಟ್ಟುಕೊಳ್ಳಲಿ. ಎಲ್ಲ ಕಡೆಯೂ ಗಟ್ಟಿಯಾಗಿ ಹಿಡಿದರೆ ಒಳ್ಳೆಯದು. ಎಲ್ಲಿ ಹಿಡಿತ ಸಡಿಲವೋ ಅಲ್ಲಿ ಬಣ್ಣದಡಿ ದಪ್ಪ ಪುಟ್ಟಿ ಅಡಗಿದೆ ಎಂದೇ ಅರ್ಥ.

ಕಾನೂನನ್ನೂ ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಕೆಲಸ ಶುರುಮಾಡುವ ಮೊದಲೇ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಜಾಣತನ.

ಮಗ ಬೈಕು ತಿದ್ದಿಸುತ್ತೇನೆಂದಾಗ ಪಾಲಕರು ಒಮ್ಮೆಲೇ ಬೇಡವೆನ್ನುವ ಬದಲು, 'ಯಾವ ಲೋಹ? ಏಕೆ?' ಎಂದು ಕೇಳಿನೋಡಲಿ. ಸಾಂದ್ರತೆ, ತುಕ್ಕು, ಆವಿ ಇವುಗಳ ಲೆಕ್ಕ ಒಪ್ಪಿಸಿ ಉತ್ತರ ಹೇಳಬಲ್ಲ ಹುಡುಗ, ಪರೀಕ್ಷೆಯ ಅಂಕದ ಜೊತೆಗೆ ತನ್ನ ಜೀವವನ್ನೂ ಕಾಪಾಡಿಕೊಳ್ಳುತ್ತಾನೆ.