ಅಣಶಿಯ ಹುಲಿಗಳೂ ಒಂದು ಭಾಗಾಕಾರವೂ

ಗೋವಾ ಗಡಿಯ ಅಣಶಿ ಕಾಡಿನಲ್ಲಿ ಹುಲಿಗಳೆಷ್ಟು? ಸಾಲಾಗಿ ನಿಲ್ಲಿಸಿ ಎಣಿಸಲಾಗದು; ಕ್ಯಾಮೆರಾ ಟ್ರ್ಯಾಪ್ ಕಟ್ಟಿ, ಮೈಮೇಲಿನ ಪಟ್ಟೆ ನೋಡಿ ಗುರುತಿಸಬೇಕು. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ: ಮೊದಲ ಸುತ್ತಿನಲ್ಲಿ 10 ಹುಲಿ ಸಿಕ್ಕವು, ಎರಡನೆಯದರಲ್ಲಿ 12, ಅವುಗಳಲ್ಲಿ 6 ಹಳೆಯವೇ. ಎರಡನೆಯ ಸುತ್ತಿನಲ್ಲಿ ಅರ್ಧ ಹಳೆಯವಾದರೆ, ಮೊದಲಿನ ಹತ್ತೂ ಒಟ್ಟಿನ ಅರ್ಧವಿರಬೇಕು: ಹತ್ತನ್ನು ಹನ್ನೆರಡರಿಂದ ಗುಣಿಸಿ ಆರರಿಂದ ಭಾಗಿಸಿದರೆ ಒಟ್ಟು ಅಂದಾಜು 20. ಗಣಿತಜ್ಞರಿಗೆ ಅಂದಾಜು ಕೂಡ ಕರಾರುವಾಕ್ಕಾದ ವಸ್ತು. ಹುಲಿಗಳು ಒಳಬರದೆ, ಹೊರಹೋಗದೆ, ಎಲ್ಲವೂ ಸಮನಾಗಿ ಕ್ಯಾಮೆರಾಗೆ ಸಿಗುವುದಾದರೆ ತಪ್ಪು ಎಷ್ಟಿರಬಹುದೆಂದು ಅವರು ಸಾಧಿಸಿ ತೋರಿಸುತ್ತಾರೆ. ಆ ಷರತ್ತು ಕಾಡಿನಲ್ಲಿ ನಿಜವೇ ಎಂಬುದು ಅವರ ತಲೆನೋವಲ್ಲ. ವಿಜ್ಞಾನಿಯ ಕೆಲಸ ಶುರುವಾಗುವುದೇ ಅಲ್ಲಿ: ಅಣಶಿ ಕಾಡಿನ ಹುಲಿಗೆ ಗೋವಾ ಗಡಿ ಗೊತ್ತಿಲ್ಲವಲ್ಲ!

ಹಾಗಾದರೆ ಸೂತ್ರವೇ ಸುಳ್ಳು ಎನ್ನಬಹುದು. ಅಲ್ಲ. ಯಾವ ಷರತ್ತು ಮುರಿಯಿತೆಂದು ತಿಳಿದದ್ದೇ ಸೂತ್ರ ಅದನ್ನು ಬಾಯಿಬಿಟ್ಟು ಹೇಳಿದ್ದರಿಂದ. ಹೆಜ್ಜೆಗುರುತು ನೋಡಿ ಇಷ್ಟೇ ಎನ್ನುತ್ತಿದ್ದ ಹಳೆಯ ಗಣತಿಗೆ ಆ ಪ್ರಾಮಾಣಿಕತೆ ಇರಲಿಲ್ಲ. ಅದನ್ನು ಪ್ರಶ್ನಿಸಿದ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಸಹವಿಜ್ಞಾನಿ ಜೇಮ್ಸ್ ನಿಕೋಲ್ಸ್ ಜೊತೆ 1998ರಲ್ಲಿ ಕ್ಯಾಮೆರಾ ಲೆಕ್ಕ ಪ್ರಕಟಿಸಿದರು. ಇಂಥ ಲೆಕ್ಕ ಒಂದೇ ಸಂಖ್ಯೆಯಲ್ಲಿ ಮುಗಿಯುವುದಿಲ್ಲ: 2022ರ ಗಣತಿಯಲ್ಲಿ ದೇಶದ ಹುಲಿಗಳು ಸರಾಸರಿ 3,682, ಮೇಲ್ಮಿತಿ 3,925. ಸುದ್ದಿಯಲ್ಲಿ ಹೆಚ್ಚಾಗಿ ಉಳಿದದ್ದು ಮೊದಲನೆಯದು. ಮುಂದಿನ ವರದಿ ಬಂದಾಗ ಮಿತಿಗಳನ್ನೂ ಕೇಳಿ.